ಕರಿಯನನ್ನು ಎತ್ತಿಕೊಳ್ಳಬೇಡಿ, ಗೋಣಿಚೀಲ ಹಾಸಿ

(ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ)

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ನಮ್ಮ ನಾಯಿ ಕರಿಯನಿಗೆ 5 ವರ್ಷ, ನಾಟಿ ನಾಯಿ, 18 ಕೆ.ಜಿ. ಇದ್ದಾನೆ. ಯಾರೋ ಹಂದಿಗೆ ಅಂತ ಬೇಲಿಯಲ್ಲಿ ಇಟ್ಟಿದ್ದ ತಂತಿ ಉರುಳಿಗೆ ಸಿಕ್ಕಿಕೊಂಡು ಎರಡು ದಿನ ಮನೆಗೆ ಬರಲಿಲ್ಲ. ಹುಡುಕಿ ತರುವಷ್ಟರಲ್ಲಿ ಬಲ ಮುಂಗಾಲಿನ ಪಾದ ಕಪ್ಪಾಗಿ ವಾಸನೆ ಬರುತ್ತಿತ್ತು. ಹಾಸನಕ್ಕೆ ಕರೆದುಕೊಂಡು ಹೋದೆವು. ಕಾಲು ಉಳಿಯಲ್ಲ ಅಂತ ಭುಜದಿಂದಲೇ ಪೂರ್ತಿ ತೆಗೆದರು. ಆಪರೇಷನ್ ಆಗಿ ಇವತ್ತಿಗೆ ಮೂರು ದಿನ. ರಾತ್ರಿ ಪೂರ್ತಿ ಕುಂಯ್‌ಗುಡುತ್ತಾನೆ. ಎದ್ದು ನಿಲ್ಲುತ್ತಿಲ್ಲ, ನಾವೇ ಎತ್ತಿಕೊಂಡು ಹೋಗಿ ಹೊರಗೆ ಬಿಡುತ್ತೇವೆ. ಇನ್ನೂ ಎರಡಕ್ಕೆ ಹೋಗಿಲ್ಲ. ಹೊಲಿಗೆ ಸುತ್ತ ಊದಿಕೊಂಡು ನೀಲಿಯಾಗಿದೆ. ಪಾದಕ್ಕೆ ಗಾಯ ಆದರೆ ಭುಜದವರೆಗೆ ಯಾಕೆ ತೆಗೆಯಬೇಕಿತ್ತು, ಮೂರು ಕಾಲಲ್ಲಿ ಎಷ್ಟು ದಿನ ಒದ್ದಾಡಬೇಕು, ಒಂದು ಇಂಜೆಕ್ಷನ್ ಕೊಡಿಸಿ ಕಳಿಸಿಬಿಡುವುದೇ ಪುಣ್ಯ ಅಂತ ನಮ್ಮ ಮಾವನವರು ಹೇಳುತ್ತಿದ್ದಾರೆ. ಬೆಳಿಗ್ಗೆ ಗಾಯಕ್ಕೆ ಕಾಫಿಪುಡಿ ಹಚ್ಚಲು ಹೋಗಿದ್ದರು, ನಾನೇ ತಡೆದೆ. ನಾವು ತಪ್ಪು ಮಾಡಿದೆವಾ ಡಾಕ್ಟರೇ? ಮುಂದೆ ಹೇಗೆ ನೋಡಿಕೊಳ್ಳಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ತಪ್ಪು ಮಾಡಿಲ್ಲ ಅಮ್ಮಾ. ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನಿನಲ್ಲಿ ಮುಖ್ಯವಾದದ್ದನ್ನೆಲ್ಲ ಹೇಳಿದ್ದೇನೆ. ಆದರೆ ಮಲೆನಾಡಿನ ಕಡೆಯಿಂದ ಇದೇ ಥರದ ಪತ್ರಗಳು ಬರುತ್ತಲೇ ಇರುತ್ತವೆ, ಉರುಳಿಗೆ ಸಿಕ್ಕಿದ ನಾಯಿ, ಗಾಡಿ ಹತ್ತಿದ ನಾಯಿ, ಹಾಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮಾವನವರ ಪ್ರಶ್ನೆ. ಅವರು ಕೇಳಿದ್ದು ಸರಿಯಾಗಿಯೇ ಇದೆ, ಉತ್ತರ ಯಾರಾದರೂ ಕೂತು ಹೇಳಬೇಕಿತ್ತು. ತಂತಿ ಬಿಗಿದಾಗ ರಕ್ತ ಓಡಾಡುವುದು ನಿಲ್ಲುತ್ತದೆ. ಎರಡು ದಿನ ಹಾಗೇ ಇದ್ದರೆ ತಂತಿಯ ಕೆಳಗಿನ ಭಾಗ ಸಾಯುತ್ತದೆ, ಅಲ್ಲಿಂದ ಸೋಂಕು ಮೇಲಕ್ಕೆ ಹತ್ತುತ್ತದೆ. ಅದು ಒಂದು ಕಾರಣ. ಇನ್ನೊಂದು ಕಾರಣ ಎಲ್ಲ ನಾಯಿಗೂ ಅನ್ವಯಿಸುತ್ತದೆ. ಅರ್ಧ ಕಾಲು ಉಳಿಸಿದರೆ ನಾಯಿ ಅದನ್ನು ಊರಲು ನೋಡುತ್ತದೆ. ಮೊಂಡು ತುದಿ ನೆಲಕ್ಕೆ, ಕಲ್ಲಿಗೆ, ಹೊಸಿಲಿಗೆ ತಾಗಿ ತಾಗಿ ಹುಣ್ಣಾಗುತ್ತದೆ, ಆ ಹುಣ್ಣು ಮಾಯುವುದೇ ಇಲ್ಲ. ಮತ್ತೆ ಆಪರೇಷನ್ ಮಾಡಬೇಕಾಗುತ್ತದೆ. ಅದಕ್ಕೇ ಮುಂಗಾಲಾದರೆ ಭುಜದ ಮೂಳೆಯ ಸಮೇತ, ಹಿಂಗಾಲಾದರೆ ತೊಡೆಯ ಮೇಲ್ಭಾಗದಿಂದ ಅಥವಾ ಸೊಂಟದ ಕೀಲಿನಿಂದ ತೆಗೆಯುವುದು ವಾಡಿಕೆ. ನೋಡಲು ಕಷ್ಟ, ನಾಯಿಗೆ ಅದೇ ಸುಖ.

ಇಂಜೆಕ್ಷನ್ ಕೊಟ್ಟು ಕಳಿಸುವ ಮಾತು. ಉಳಿದ ಕಾಲುಗಳ ಕೀಲು ಆಗಲೇ ಸವೆದಿರುವ, ಮೈ ಭಾರ ಇರುವ ಮುದಿ ನಾಯಿ ಆಗಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ. ಕರಿಯನಿಗೆ 5 ವರ್ಷ, 18 ಕೆ.ಜಿ., ಉಳಿದ ಮೂರು ಕಾಲು ಗಟ್ಟಿಯಾಗಿವೆ. ಅವನನ್ನು ಕಳಿಸುವ ಮಾತೇ ಬೇಡ. ನಾಯಿಗೆ ಕಾಲು ಹೋಯಿತಲ್ಲ ಅನ್ನುವ ಕೊರಗು ಇರುವುದಿಲ್ಲ. ಅದಕ್ಕೆ ಗೊತ್ತಾಗುವುದು ನೋವು, ಹಸಿವು, ಹೆದರಿಕೆ. ಈ ಮೂರನ್ನು ನೀವು ನೋಡಿಕೊಂಡರೆ ಉಳಿದದ್ದನ್ನು ಅವನೇ ಕಲಿತುಕೊಳ್ಳುತ್ತಾನೆ. ಹೆಚ್ಚಿನ ನಾಯಿಗಳು ಕೆಲವೇ ವಾರಗಳಲ್ಲಿ ಮೂರು ಕಾಲಿನ ನಡಿಗೆಗೆ ಹೊಂದಿಕೊಳ್ಳುತ್ತವೆ.

ಈಗ ರಾತ್ರಿಯ ಕುಂಯ್‌ಗುಡುವಿಕೆ. ಇದು ಎಲ್ಲರನ್ನೂ ಹೆದರಿಸುತ್ತದೆ. ಎಲ್ಲ ಕೂಗೂ ನೋವಿನದೇ ಅಂತಲ್ಲ. ಟ್ರಮಡಾಲ್ ಥರದ ಬಲವಾದ ನೋವಿನ ಔಷಧಿ ಕೊಟ್ಟಾಗ ಕೆಲವು ನಾಯಿಗಳಿಗೆ ಮಂಪರು, ಗಲಿಬಿಲಿ ಆಗುತ್ತದೆ, ಸುಮ್ನೆ ಕೂಗುತ್ತವೆ. ಗಾಯ ನೆಕ್ಕದ ಹಾಗೆ ಕತ್ತಿಗೆ ಹಾಕಿದ ಕೋನ್ ಹೊಸದು, ಅದಕ್ಕೂ ಕೂಗುತ್ತವೆ. ಹಾಗಂತ ನೋವು ಇಲ್ಲವೇ ಇಲ್ಲ ಅಂತ ಬಿಡಬಾರದು. ತಣ್ಣಗಿರುವ ರಾತ್ರಿಯಲ್ಲೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾನಾ? ಮೈ ನಡುಗುತ್ತಿದೆಯಾ? ಮಲಗಲೂ ಆಗದೆ ಕೂರಲೂ ಆಗದೆ ಒದ್ದಾಡುತ್ತಿದ್ದಾನಾ? ಅನ್ನ ಮುಂದಿಟ್ಟರೆ ಮುಖ ತಿರುಗಿಸುತ್ತಾನಾ? ಇವು ನೋವಿನ ಗುರುತು. ಆಗ ಬೆಳಗಾಗಲಿ ಅಂತ ಕಾಯದೆ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯ ಪ್ರಮಾಣ ಅಥವಾ ಹೊತ್ತು ಬದಲಿಸಿದರೆ ಎಷ್ಟೋ ಸಲ ಅವತ್ತಿನ ರಾತ್ರಿಯೇ ನಿದ್ದೆ ಬರುತ್ತದೆ. ಕೊಟ್ಟ ಮಾತ್ರೆಯನ್ನು ಗಡಿಯಾರ ನೋಡಿ ಕೊಡಿ. ನೋವು ಶುರುವಾದ ಮೇಲೆ ಕೊಡೋಣ ಅಂದುಕೊಂಡರೆ ಆ ನೋವನ್ನು ಇಳಿಸಲು ಜಾಸ್ತಿ ಔಷಧಿ ಬೇಕಾಗುತ್ತದೆ.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಮನೆಯಲ್ಲಿ ಇರುವ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವುದೂ ಬೇಡ. ಕರುಳಲ್ಲಿ ರಕ್ತ ಒಸರಿ, ಮೂತ್ರಪಿಂಡ, ಲಿವರ್ ಕೆಟ್ಟು ಸತ್ತ ನಾಯಿಗಳನ್ನು ನಾನು ನೋಡಿದ್ದೇನೆ, ಎಲ್ಲ ಪ್ರೀತಿಯಿಂದ ಕೊಟ್ಟದ್ದೇ. ಡಾಕ್ಟರು ಮೆಲಾಕ್ಸಿಕ್ಯಾಮ್ ಅನ್ನುವ ನೋವಿನ ಔಷಧಿ ಬರೆದಿದ್ದರೆ ಅನ್ನ ತಿಂದ ಮೇಲೆ ಕೊಡಿ. ವಾಂತಿ ಆದರೆ, ಅಥವಾ ಡಾಂಬರಿನ ಹಾಗೆ ಕರ್ರಗೆ ಭೇದಿ ಆದರೆ ನಿಲ್ಲಿಸಿ ಫೋನ್ ಮಾಡಿ.

ಎರಡಕ್ಕೆ ಹೋಗದಿದ್ದಕ್ಕೆ ಗಾಬರಿ ಬೇಡ. ಆಪರೇಷನ್ನಿಗೆ ಮೊದಲು ಹೊಟ್ಟೆ ಖಾಲಿ ಇಟ್ಟಿರುತ್ತಾರೆ, ಆಮೇಲೆ ಎರಡು ದಿನ ತಿನ್ನುವುದೂ ಕಡಿಮೆ, ನೋವಿನ ಔಷಧಿ ಕರುಳನ್ನು ನಿಧಾನ ಮಾಡುತ್ತದೆ. ಮೂರರಿಂದ ಐದು ದಿನ ಹಿಡಿಯುವುದು ಸಾಮಾನ್ಯ. ಅದಕ್ಕಿಂತ ಜಾಸ್ತಿ ಆದರೆ, ಮುಕ್ಕರಿದರೂ ಬಾರದಿದ್ದರೆ ತಿಳಿಸಿ. ಮೂತ್ರದ ವಿಷಯ ಹಾಗಲ್ಲ. 24 ಗಂಟೆ ಮೂತ್ರ ಮಾಡಲಿಲ್ಲ ಅಂದರೆ ಅವತ್ತೇ ತೋರಿಸಬೇಕು.

ಊತ, ನೀಲಿ ಬಣ್ಣ: ಮೊದಲ ವಾರ ಇರುತ್ತದೆ. ನೀಲಿ ನಿಧಾನಕ್ಕೆ ಕೆಳಗಿಳಿದು ಎದೆಯ ಕಡೆಗೂ ಬರಬಹುದು. ಹೊಲಿಗೆಯ ಕೆಳಗೆ ಮೆತ್ತಗೆ ನೀರಿನ ಚೀಲದ ಹಾಗೆ ತೂಗಿದರೂ ಸಾಮಾನ್ಯವಾಗಿ ಮೈಯೇ ಅದನ್ನು ಹೀರಿಕೊಳ್ಳುತ್ತದೆ. ಸೂಜಿ ಚುಚ್ಚಿ ತೆಗೆಯಲು ಹೋಗಬೇಡಿ. ಮುಟ್ಟಿದರೆ ಬಿಸಿ, ಕೆಂಪು, ಕೀವು, ಕೆಟ್ಟ ವಾಸನೆ, ಹೊಲಿಗೆ ಬಿಟ್ಟುಕೊಂಡಿರುವುದು, ಇದರಲ್ಲಿ ಒಂದು ಕಂಡರೂ ಡಾಕ್ಟರ ಹತ್ತಿರ ಹೋಗಿ. ಒಸಡು ಬೆಳ್ಳಗಾಗಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು, ಆಗಂತೂ ಒಂದು ಗಳಿಗೆಯೂ ತಡ ಮಾಡಬೇಡಿ.

ಕಾಫಿಪುಡಿ ತಡೆದದ್ದು ತುಂಬಾ ಒಳ್ಳೆಯದಾಯಿತು. ನಮ್ಮ ಕಡೆ ಕೈ ಕೊಯ್ದರೆ ಕಾಫಿಪುಡಿ ಒತ್ತುವುದು ಅಭ್ಯಾಸ, ಆದರೆ ಹೊಲಿದ ಗಾಯದಲ್ಲಿ ಪುಡಿ ಕೂತರೆ ಕೊಳೆ ಕೂತ ಹಾಗೆ, ಮೇಲಾಗಿ ನಾಯಿ ನೆಕ್ಕಿದರೆ ಅದರಲ್ಲಿರುವ ಕೆಫೀನ್ ನಾಯಿಗೆ ವಿಷ. ಅರಿಶಿನ, ಸೀಮೆಎಣ್ಣೆ, ಫಿನಾಯಿಲ್, ಟರ್ಪಂಟೈನ್ ಏನೂ ಬೇಡ. ಕೋನ್ ತೆಗೆಯಬೇಡಿ. ಪಾಪ ಅನಿಸುತ್ತದೆ, ಗೊತ್ತು. ಆದರೆ ಹತ್ತು ನಿಮಿಷ ಬಿಟ್ಟರೆ ಸಾಕು, ಹಲ್ಲಿನಿಂದ ಹೊಲಿಗೆ ಕಿತ್ತುಬಿಡುತ್ತವೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೂ ಕೋನ್, ಅಲ್ಲಿಯವರೆಗೂ ಸ್ನಾನ ಇಲ್ಲ.

ಮಲೆನಾಡಿನ ಮಳೆಯಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ನೊಣದ್ದು. ಒದ್ದೆ ಗಾಯಕ್ಕೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತದೆ. ಕರಿಯನನ್ನು ಕೊಟ್ಟಿಗೆಯಲ್ಲಿ, ಸೌದೆ ಮನೆಯಲ್ಲಿ ಮಲಗಿಸಬೇಡಿ, ಮನೆ ಒಳಗೆ ಒಣಗಿದ ಜಾಗ ಕೊಡಿ. ಹಗಲು ಮಲಗಿದಾಗ ಮೇಲೆ ಸೊಳ್ಳೆ ಪರದೆ ಹಾಕಬಹುದು. ಮಕ್ಕಳ ಹಳೆ ಹತ್ತಿ ಬನಿಯನ್ ಇದ್ದರೆ ಎದೆ, ಭುಜ ಮುಚ್ಚುವ ಹಾಗೆ ತೊಡಿಸಿ, ಒದ್ದೆಯಾದ ಕೂಡಲೇ ಬದಲಿಸಿ. ಬೆಳಿಗ್ಗೆ ಸಂಜೆ ಟಾರ್ಚ್ ಹಿಡಿದು ಹೊಲಿಗೆಯ ಉದ್ದಕ್ಕೂ ನೋಡಿ. ಅಕ್ಕಿನುಚ್ಚಿನ ಹಾಗೆ ಬೆಳ್ಳಗೆ ಅಂಟಿಕೊಂಡಿದ್ದರೆ ಅದೇ ನೊಣದ ಮೊಟ್ಟೆ. ಹೊರಗೆ ಬಿಡುವಾಗಲೂ ಹುಲ್ಲಿಗೆ, ತರಗೆಲೆಗೆ ಇಳಿಸಬೇಡಿ, ಉಂಬಳ ಹತ್ತುತ್ತದೆ. ಒಣಗಿದ ಕಣದ ಮೇಲೆ ಓಡಾಡಿಸಿ. ಕಣದಲ್ಲಿ ಕಾಫಿ ಹರವಿದ್ದರೆ ಮಾತ್ರ ಹತ್ತಿರ ಬಿಡಬೇಡಿ, ಕಾರಣ ಮೇಲೆ ಹೇಳಿದ್ದೇ.

ಇನ್ನು ಎದ್ದು ನಿಲ್ಲುತ್ತಿಲ್ಲ ಅಂದಿರಲ್ಲ, ನನ್ನ ಉತ್ತರದ ತಿರುಳು ಇದೇ. ನಿಮ್ಮ ಮನೆ ನೆಲ ಯಾವುದು? ಫೋನಿನಲ್ಲಿ ಕೇಳಿದಾಗ ರೆಡ್ ಆಕ್ಸೈಡ್ ಅಂದಿರಿ. ನಾನು ಅಂದುಕೊಂಡದ್ದೂ ಅದೇ.

ಕೆಲವು ವರ್ಷದ ಹಿಂದೆ ಬೇಲೂರು ಕಡೆಯ ಒಂದು ಮನೆಗೆ ಹೋಗಿದ್ದೆ. ಮುಂಗಾಲು ತೆಗೆದ ಹೆಣ್ಣು ನಾಯಿ, ಒಂದು ವಾರ ಆದರೂ ನಿಂತಿರಲಿಲ್ಲ. ಮನೆಯವರು ಮಗುವಿನ ಹಾಗೆ ಎತ್ತಿಕೊಂಡು ತಿರುಗುತ್ತಿದ್ದರು, ಬಾಯಿಗೇ ಅನ್ನ ಇಡುತ್ತಿದ್ದರು. ನಾನು ನೋಡುತ್ತಾ ಕೂತೆ. ನಾಯಿ ಏಳಲು ನೋಡುತ್ತಿತ್ತು. ಹಿಂಗಾಲು ಒತ್ತಿ ಸೊಂಟ ಎತ್ತುತ್ತಿತ್ತು, ಒಂಟಿ ಮುಂಗಾಲು ಮುಂದಿಡುತ್ತಿತ್ತು, ಕನ್ನಡಿಯ ಹಾಗೆ ಹೊಳೆಯುವ ಕೆಂಪು ನೆಲದಲ್ಲಿ ಆ ಪಾದ ಸರ್ ಅಂತ ಹೊರಗೆ ಜಾರುತ್ತಿತ್ತು, ಗದ್ದ ನೆಲಕ್ಕೆ ಬಡಿಯುತ್ತಿತ್ತು. ಎರಡು ಸಲ ಹಾಗಾದ ಮೇಲೆ ಸುಮ್ಮನೆ ಮಲಗಿಬಿಟ್ಟಿತು. ಅದಕ್ಕೆ ಶಕ್ತಿ ಇತ್ತು, ನೆಲದ ಮೇಲೆ ನಂಬಿಕೆ ಹೋಗಿತ್ತು. ಕಾಫಿ ತುಂಬುವ ಖಾಲಿ ಗೋಣಿಚೀಲ ತರಿಸಿದೆ. ಬಿಡಿಬಿಡಿಯಾಗಿ ಹಾಸಿದರೆ ಗೋಣಿಯೇ ಜಾರುತ್ತದೆ, ಅದಕ್ಕೆ ದಬ್ಬಳ ಹಿಡಿದು ಒಂದಕ್ಕೊಂದು ಸೇರಿಸಿ ಹೊಲಿದು, ಅಂಚನ್ನು ಮಂಚದ ಕಾಲಿನ ಕೆಳಗೆ ಸಿಕ್ಕಿಸಿ, ಮಲಗುವ ಜಾಗದಿಂದ ಬಾಗಿಲವರೆಗೆ ದಾರಿ ಮಾಡಿದೆವು. ಆಮೇಲೆ ಯಾರೂ ಕರೆಯಲಿಲ್ಲ. ಹತ್ತು ನಿಮಿಷ ಆಗಿರಬೇಕು, ಅಡುಗೆ ಮನೆಯಲ್ಲಿ ಮೊಟ್ಟೆ ಒಡೆದ ಸದ್ದಾಯಿತು. ನಾಯಿ ಎದ್ದಿತು. ಪಾದ ಗೋಣಿಗೆ ಕಚ್ಚಿಕೊಂಡು ನಿಂತಿತು. ನಾಲ್ಕು ಸಲ ಕುಪ್ಪಳಿಸಿ ಅಡುಗೆ ಮನೆ ಹೊಸಿಲಿಗೆ ಹೋಗಿ ಕೂತಿತು. ಆ ಮನೆಯ ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೂ ಗಂಟಲು ಕಟ್ಟಿತ್ತು.

ಹಾಗಾಗಿ ಎತ್ತಿಕೊಂಡು ತಿರುಗುವುದನ್ನು ಇವತ್ತೇ ನಿಲ್ಲಿಸಿ. ಎತ್ತಿದಷ್ಟೂ ಸ್ನಾಯು ಸೊರಗುತ್ತದೆ, ಧೈರ್ಯವೂ ಕಮ್ಮಿ ಆಗುತ್ತದೆ. ಆಸರೆ ಕೊಡಿ, ಸಾಕು. ಮಾವನವರ ಹಳೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಎದೆಗೂಡಿನ ಕೆಳಗೆ, ಹೊಲಿಗೆಗೆ ತಾಗದ ಹಾಗೆ ಹಾಕಿ, ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ಭಾರ ಅವನೇ ಹೊರಬೇಕು, ಬೀಳುವಾಗ ಮಾತ್ರ ನೀವು ಹಿಡಿಯುವುದು. ಕತ್ತಿನ ಬೆಲ್ಟ್ ಹಿಡಿದು ಎಳೆಯಬೇಡಿ. ಮೊದಲ ಎರಡು ವಾರ ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಐದು ನಿಮಿಷ, ಚೈನ್ ಹಾಕಿಕೊಂಡೇ. ಓಟ, ನೆಗೆತ, ಬೇರೆ ನಾಯಿಗಳ ಜೊತೆ ಆಟ ಬೇಡ. ಮೂರು ಕಾಲಿನ ನಾಯಿಗೆ ನಿಧಾನ ನಡಿಗೆಗಿಂತ ಕುಪ್ಪಳಿಸಿ ಹೋಗುವುದು ಸುಲಭ, ಹಾಗಾಗಿ ಎಳೆದುಕೊಂಡು ಹೋಗಲು ನೋಡುತ್ತಾನೆ, ಬೇಗ ಸುಸ್ತಾಗಿ ಕೂತೂ ಬಿಡುತ್ತಾನೆ. ಕೂತರೆ ಬಿಡಿ. ನಿಂತಾಗ ಉಳಿದ ಮುಂಗಾಲನ್ನು ಎದೆಯ ನಡುವಿಗೆ ತಂದು ಊರುತ್ತಾನೆ ನೋಡಿ, ಅಲ್ಲಿಗೆ ಅವನಿಗೆ ತೂಕದ ಲೆಕ್ಕ ಸಿಕ್ಕಿತು ಅಂತ ಅರ್ಥ.

ಮುಂಗಾಲು ಹೋದ ನಾಯಿಗೆ ಒಂದು ಕಷ್ಟ ಜಾಸ್ತಿ. ನಾಯಿಯ ತೂಕದಲ್ಲಿ ಸುಮಾರು 60 ಭಾಗ ಮುಂಗಾಲುಗಳ ಮೇಲೆ, 40 ಭಾಗ ಹಿಂಗಾಲುಗಳ ಮೇಲೆ ಬೀಳುತ್ತದೆ. ಈಗ ಆ ಭಾರದಲ್ಲಿ ಹೆಚ್ಚಿನದು ಒಂದೇ ಕಾಲಿಗೆ ಬಂತು. ಮೆಟ್ಟಿಲು ಹತ್ತುವುದು ಪರವಾಗಿಲ್ಲ, ಇಳಿಯುವುದು ಕಷ್ಟ. ತೋಟದ ಮನೆ ಅಂದ ಮೇಲೆ ಜಗಲಿಗೆ ಮೆಟ್ಟಿಲು, ಅಂಗಳ ದಾಟಿದರೆ ಇಳಿಜಾರು ಇರುತ್ತದೆ, ಅಲ್ವಾ? ಮೆಟ್ಟಿಲ ಮೇಲೆ ಅಗಲದ ಹಲಗೆ ಇಟ್ಟು ಅದಕ್ಕೂ ಗೋಣಿ ಬಡಿಯಿರಿ. ಅನ್ನದ ತಟ್ಟೆ, ನೀರಿನ ಪಾತ್ರೆ ಒಂದು ಮಣೆಯ ಮೇಲಿಡಿ, ಬಗ್ಗುವಾಗ ಮುಗ್ಗರಿಸುವುದಿಲ್ಲ.

ಊಟಕ್ಕೆ ಮೆತ್ತಗಿನ ಅನ್ನ, ಮೂಳೆ ತೆಗೆದ ಬೇಯಿಸಿದ ಕೋಳಿ, ಮೊಟ್ಟೆ, ಸ್ವಲ್ಪ ಸಿಹಿಗುಂಬಳ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಎರಡು ವಾರ ಆದ ಮೇಲೆ ಪಾಪ ಅಂತ ಜಾಸ್ತಿ ಹಾಕಬೇಡಿ.

ಇನ್ನೊಂದು ವಿಷಯ ನಿಮಗೆ ಮೊದಲೇ ತಿಳಿದಿರಲಿ. ಕೆಲವು ನಾಯಿಗಳು ಮಲಗಿದ್ದ ಹಾಗೇ ಕಿರುಚಿ ಎದ್ದು, ಇಲ್ಲದ ಕಾಲಿನ ಕಡೆ ತಿರುಗಿ ನೋಡುತ್ತವೆ. ಕತ್ತರಿಸಿದ ನರದಿಂದ ಬರುವ ನೋವು ಅದು. ಸುಳ್ಳು ನೋವಲ್ಲ, ಅದಕ್ಕೆ ಗ್ಯಾಬಪೆಂಟಿನ್ ಥರದ ಔಷಧಿ ಇದೆ, ಡಾಕ್ಟರಿಗೆ ಹೇಳಿದರೆ ಬರೆದುಕೊಡುತ್ತಾರೆ. ಸಾಧ್ಯವಾದರೆ ಹಾಗಾದಾಗ ಮೊಬೈಲಿನಲ್ಲಿ ವಿಡಿಯೊ ತೆಗೆದು ತೋರಿಸಿ.

ನಾಲ್ಕು ವಾರದ ಹೊತ್ತಿಗೆ ಡಾಕ್ಟರು ಸರಿ ಅಂದರೆ ಅಂಗಳದಲ್ಲಿ ಬಿಡಬಹುದು. ರಾತ್ರಿ ಮಾತ್ರ ಯಾವತ್ತೂ ಹೊರಗೆ ಬಿಡಬೇಡಿ. ನಿಮ್ಮ ಕಡೆ ಚಿರತೆ ನಾಯಿ ಹೊತ್ತೊಯ್ಯುವುದು ನಿಮಗೇ ಗೊತ್ತು, ಮೂರು ಕಾಲಿನಲ್ಲಿ ಅವನು ತಪ್ಪಿಸಿಕೊಳ್ಳಲಾರ.

ಪ್ರಶ್ನೆ: ನಮ್ಮ ನಾಯಿಯ ಎಡ ಹಿಂಗಾಲನ್ನು ಎರಡು ವರ್ಷದ ಹಿಂದೆ ಸೊಂಟದಿಂದ ತೆಗೆದಿದ್ದರು. ಚೆನ್ನಾಗೇ ಓಡಾಡಿಕೊಂಡಿದ್ದ. ಆಗ 22 ಕೆ.ಜಿ. ಇದ್ದವನು ಈಗ 28 ಆಗಿದ್ದಾನೆ. ಈಚೆಗೆ ಬೆಳಿಗ್ಗೆ ಏಳಲು ಕಷ್ಟಪಡುತ್ತಾನೆ. ಜೈಪುರ ಕಾಲಿನ ಹಾಗೆ ನಾಯಿಗೂ ಕೃತಕ ಕಾಲು ಹಾಕಿಸಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಸೊಂಟದಿಂದ ತೆಗೆದಿದ್ದರೆ ಕೃತಕ ಕಾಲು ಕೂರಿಸಲು ಜಾಗವೇ ಇಲ್ಲ. ಅದಕ್ಕೆ ಸ್ವಲ್ಪ ಕಾಲಾದರೂ ಉಳಿದಿರಬೇಕು. ಅದರ ಹಿಂದೆ ಓಡಾಡಿ ದುಡ್ಡು ಕಳೆದುಕೊಳ್ಳಬೇಡಿ, ನಿಮ್ಮ ನಾಯಿಗೆ ಬೇಕಿರುವುದು ಆ 6 ಕೆ.ಜಿ. ಇಳಿಸುವುದು. ಒಂಟಿ ಹಿಂಗಾಲು ಅಷ್ಟೂ ಭಾರ ಹೊತ್ತು ಹೊತ್ತು ಕೀಲು ಸವೆದಿರಬಹುದು. ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೊಂಟ, ಮಂಡಿ ಪರೀಕ್ಷೆ ಮಾಡಿಸಿ, ನೋವಿಗೆ ಔಷಧಿ ಬೇಕಾದರೆ ಬರೆದುಕೊಡುತ್ತಾರೆ. ಬೆಳಗಿನ ಕಾಫಿ ಜೊತೆ ಹಾಕುವ ಬಿಸ್ಕತ್ತು, ರಾತ್ರಿ ಉಳಿದ ತುಪ್ಪದ ಅನ್ನ ಇವತ್ತಿನಿಂದ ನಿಲ್ಲಿಸಿ. ಊಟವನ್ನು ಅಳತೆ ಮಾಡಿ ಹಾಕಿ, ಮನೆಯಲ್ಲಿ ಒಬ್ಬರೇ ಹಾಕಿ, ನಾಲ್ಕು ಕೈ ಹಾಕಿದರೆ ಲೆಕ್ಕ ಸಿಗುವುದಿಲ್ಲ. ಪಕ್ಕೆಯ ಮೇಲೆ ಅಂಗೈ ಸವರಿದರೆ ಎಲುಬು ಕೈಗೆ ಸಿಗಬೇಕು, ಅಲ್ಲಿಯವರೆಗೆ ನಿಧಾನಕ್ಕೆ ಇಳಿಸಿ. ಉಗುರು ಬೆಳೆದಿದ್ದರೆ, ಪಾದದ ಮೆತ್ತೆಯ ನಡುವೆ ಕೂದಲು ಬೆಳೆದಿದ್ದರೆ ಕತ್ತರಿಸಿ, ಟೈಲ್ಸ್ ಮೇಲೆ ಜಾರುವುದು ಅದರಿಂದಲೇ. ಮಲಗಲು ಬರೀ ನೆಲ ಬೇಡ, ದಪ್ಪ ಹಾಸಿಗೆ ಕೊಡಿ.

ಪ್ರಶ್ನೆ: ಉರುಳಿಗೆ ನಾಯಿ ಸಿಕ್ಕಿದ್ದು ಕಂಡರೆ ಮೊದಲು ಏನು ಮಾಡಬೇಕು? ಕಾಲು ಉಳಿಸಿಕೊಳ್ಳಬಹುದಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬೇಗ ಸಿಕ್ಕರೆ ಎಷ್ಟೋ ಸಲ ಉಳಿಯುತ್ತದೆ. ಓಡಿ ಹೋಗಿ ಕೈ ಹಾಕಬೇಡಿ, ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮೂತಿಗೆ ಟವೆಲ್ ಅಥವಾ ಉದ್ದ ಬಟ್ಟೆ ಸುತ್ತಿ, ಇನ್ನೊಬ್ಬರು ಕಂಬಳಿ ಹಾಕಿ ಮೈ ಹಿಡಿದುಕೊಳ್ಳಲಿ. ಏದುಸಿರು, ವಾಂತಿ ಇದ್ದರೆ ಮೂತಿ ಕಟ್ಟಬೇಡಿ. ಇಕ್ಕಳದಿಂದ ಮೊದಲು ಗೂಟದ ಕಡೆಯ ತಂತಿ ಕತ್ತರಿಸಿ. ಆಗ ಎಳೆತ ನಿಲ್ಲುತ್ತದೆ, ನಾಯಿಯೂ ಅರ್ಧ ಸಮಾಧಾನ ಆಗುತ್ತದೆ. ಕಾಲಿನ ಸುತ್ತ ಇರುವ ತಂತಿ ಸಡಿಲ ಇದ್ದರೆ ಬಿಚ್ಚಿ, ಮಾಂಸದೊಳಗೆ ಇಳಿದಿದ್ದರೆ ಕೀಳಲು ಹೋಗದೆ ಒದ್ದೆ ಬಟ್ಟೆ ಸುತ್ತಿ ನೇರ ಡಾಕ್ಟರ ಹತ್ತಿರ ಹೋಗಿ. ಹತ್ತಿರ ಡಾಕ್ಟರು ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ತಂತಿ ಬಿಚ್ಚಿದ ಮೇಲೆ ನಾಯಿ ಕುಂಟುತ್ತಾ ನಡೆದುಕೊಂಡು ಬಂತು, ಸರಿ ಹೋಯಿತು ಅಂತ ಬಿಟ್ಟುಬಿಡುತ್ತಾರೆ, ತಪ್ಪಾಗುವುದು ಅಲ್ಲೇ. ಒಳಗೆ ರಕ್ತನಾಳ ಜಜ್ಜಿದ್ದರೆ ಪಾದ ಸಾಯುವುದು ಎರಡು ಮೂರು ದಿನ ಆದ ಮೇಲೆ ಗೊತ್ತಾಗುತ್ತದೆ. ಅವತ್ತೇ ತೋರಿಸಿ. ಆಮೇಲೂ ನಾಲ್ಕೈದು ದಿನ ಎರಡೂ ಪಾದವನ್ನು ಒಟ್ಟಿಗೆ ಮುಟ್ಟಿ ನೋಡುತ್ತಿರಿ. ಗಾಯದ ಪಾದ ಇನ್ನೊಂದಕ್ಕಿಂತ ತಣ್ಣಗಿದ್ದರೆ, ಬೆರಳು ಒತ್ತಿದರೂ ಎಳೆದುಕೊಳ್ಳದಿದ್ದರೆ ಮತ್ತೆ ಓಡಿ. ಉರುಳು ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕತ್ತರಿಸಿದ ತಂತಿಯನ್ನು ಎಸೆಯದೆ, ಜಾಗದ ಫೋಟೊ ತೆಗೆದುಕೊಂಡು ಅರಣ್ಯ ಇಲಾಖೆಯವರಿಗೆ ಕೊಡಿ. ಹಾಗೇ ಬೇಲಿಯ ಉದ್ದಕ್ಕೂ ಒಂದು ಸುತ್ತು ನಡೆದು ನೋಡಿ, ಒಂದು ಇಟ್ಟವರು ಅಲ್ಲೇ ಇನ್ನೂ ನಾಲ್ಕು ಇಟ್ಟಿರುತ್ತಾರೆ.